ಪಿಕಪ್ಪಿಗೆ ಕ್ಯಾಂಪರ್ ಶೆಲ್ ಹಾಕಿಸಿದರೆ ಹಿಂದೆ ಕಾಣುತ್ತಾ? ಟ್ರೈಲರ್ ಎಳೆಯೋಕೆ ತೊಂದರೆ ಆಗುತ್ತಾ?

ಹಾಸನ_ಟು_ಫ್ರೀಮಾಂಟ್:

ಎಲ್ಲರಿಗೂ ನಮಸ್ಕಾರ. ಪಿಕಪ್ ಇಟ್ಟುಕೊಂಡಿರೋರು ದಯವಿಟ್ಟು ಸ್ವಲ್ಪ ದಾರಿ ತೋರಿಸಿ.

ಹೋದ ವರ್ಷ ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ತಗೊಂಡೆ, 2019ರ ಮಾಡೆಲ್. ನಾಲ್ಕು ಬಾಗಿಲಿನದು, ಹಿಂದಿನ ಬೆಡ್, ಅಂದರೆ ಸಾಮಾನು ಹಾಕೋ ತೆರೆದ ಭಾಗ, ಐದೂವರೆ ಅಡಿ. ಅದಕ್ಕೆ ಫೈಬರ್‌ಗ್ಲಾಸಿನ ಕ್ಯಾಂಪರ್ ಶೆಲ್ ಹಾಕಿಸಬೇಕು ಅಂತ ಆಸೆ. ಟಾಪರ್ ಅಂತಲೂ ಕರೀತಾರೆ, ಬೆಡ್ ಮೇಲೆ ಕೂರೋ ಗಟ್ಟಿ ಮುಚ್ಚಳ, ಅದೇ. ನಮ್ಮ ಬೇ ಏರಿಯಾದಲ್ಲಿ ಬೆಡ್‌ನಲ್ಲಿ ಒಂದು ಬ್ಯಾಗ್ ಬಿಟ್ಟು ಕಾಫಿಗೆ ಹೋಗೋ ಹಾಗಿಲ್ಲ. ಮಕ್ಕಳ ಸೈಕಲ್, ಟೆಂಟು, ಸ್ಟೌ ಎಲ್ಲ ಬೀಗದೊಳಗೆ ಇದ್ದರೆ ನೆಮ್ಮದಿ ಅಲ್ವಾ.

ಇದರ ಜೊತೆಗೆ ಒಂದು ಸಣ್ಣ ಟ್ರಾವೆಲ್ ಟ್ರೈಲರ್ ಕೂಡ ಇದೆ. ಸಾಮಾನು ತುಂಬಿದರೆ ಸುಮಾರು 4,500 ಪೌಂಡ್ ಆಗುತ್ತೆ. ವರ್ಷಕ್ಕೆ ನಾಲ್ಕೈದು ಸಲ ಎಳೆಯುತ್ತೇವೆ, ಹೆಚ್ಚಾಗಿ 395 ಹೆದ್ದಾರಿ ಹಿಡಿದು ಬಿಷಪ್, ಮ್ಯಾಮತ್ ಊರುಗಳ ಕಡೆಗೆ.

ಮೊನ್ನೆ ಭಾನುವಾರ ಗೆಳೆಯರೊಬ್ಬರ ಟ್ರಕ್ಕಿನಲ್ಲಿ ಕೂತು ನೋಡಿದೆ. ಅವರದಕ್ಕೆ ಶೆಲ್ ಇದೆ. ಒಳಗಿನ ಕನ್ನಡಿಯಲ್ಲಿ ನೋಡಿದರೆ ಒಂದು ಗಾಜು, ಅದರಾಚೆ ಇನ್ನೊಂದು ಗಾಜು, ಕೊನೆಯಲ್ಲಿ ಮತ್ತೊಂದು. ಬೆಳಗ್ಗೆ ಏಳು ಗಂಟೆ, ರಾತ್ರಿ ಇಬ್ಬನಿ ಬಿದ್ದಿತ್ತು. ಮಧ್ಯದ ಗಾಜಿನ ಮೇಲೆ ನೀರಿನ ಹನಿ ಹಾಗೇ ಅಂಟಿಕೊಂಡಿತ್ತು. ಎದುರು ಮನೆಯ ಬಿಳಿ ಗರಾಜ್ ಬಾಗಿಲು ಒಂದು ಮಬ್ಬು ಚೌಕದ ಹಾಗೆ ಕಂಡಿತು, ಅಷ್ಟೇ. ಪಕ್ಕದಲ್ಲಿದ್ದ ನನ್ನ ಹೆಂಡತಿ ಕೇಳಿದಳು, "ರೀ, ಹಿಂದೆ ಏನೂ ಕಾಣದ ಗಾಡಿಯಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಟ್ರೈಲರ್ ಬೇರೆ ಎಳೀತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಶೆಲ್ ಹಾಕಿಸಿಕೊಂಡು ಟ್ರೈಲರ್ ಎಳೆಯೋರು ಇದ್ದೀರಾ? ಹೇಗೆ ನಿಭಾಯಿಸ್ತೀರಿ?


ಸ್ಯಾಕ್ರಮೆಂಟೊ_ಕನ್ನಡಿಗ:

ಏಳು ವರ್ಷದಿಂದ ಶೆಲ್ ಹಾಕಿಕೊಂಡೇ ಓಡಿಸುತ್ತಿದ್ದೇನೆ ಸರ್. ನೀವು ಕಂಡದ್ದು ನಿಜ. ಆದರೆ ಎರಡು ವಿಷಯ ಒಂದರೊಳಗೊಂದು ಸೇರಿಕೊಂಡಿವೆ, ಅದನ್ನ ಮೊದಲು ಬಿಡಿಸಿಕೊಳ್ಳಿ.

ನಿಮ್ಮ ಟ್ರೈಲರ್ ಶೆಲ್‌ಗಿಂತ ಎತ್ತರ ತಾನೇ? ಅದು ಹಿಂದೆ ಇದ್ದಾಗ, ಶೆಲ್ ಇರಲಿ ಬಿಡಲಿ, ಒಳಗಿನ ಕನ್ನಡಿಯಲ್ಲಿ ಕಾಣೋದು ಟ್ರೈಲರಿನ ಮೂತಿ ಮಾತ್ರ. ಅಂದರೆ ಎಳೆಯುವಾಗ ಶೆಲ್‌ನಿಂದ ನೀವು ಕಳೆದುಕೊಳ್ಳೋದು ಹೆಚ್ಚುಕಡಿಮೆ ಏನೂ ಇಲ್ಲ. ನಷ್ಟ ಆಗೋದು ಟ್ರೈಲರ್ ಇಲ್ಲದ ದಿನ. ಆಫೀಸಿಗೆ ಹೋಗುವಾಗ, ಕಾಸ್ಟ್‌ಕೋ ಪಾರ್ಕಿಂಗಿನಲ್ಲಿ, ಮಕ್ಕಳನ್ನು ಸ್ಕೂಲಿಗೆ ಬಿಡುವಾಗ. ವರ್ಷದ ಮುನ್ನೂರು ಚಿಲ್ಲರೆ ದಿನ ಹಾಗೇ ಅಲ್ವಾ ಓಡಿಸೋದು. ಹಾಗಾಗಿ ಆ ದಿನಗಳ ಬಗ್ಗೆ ಯೋಚಿಸಿ ಶೆಲ್ ಆರಿಸಿ.

ಗಾಜಿನ ಲೆಕ್ಕ ನೋಡಿ. ಕ್ಯಾಬಿನ (ನಾವು ಕೂರೋ ಭಾಗದ) ಹಿಂದಿನ ಗಾಜು, ಶೆಲ್ಲಿನ ಮುಂದಿನ ಗಾಜು, ಶೆಲ್ಲಿನ ಹಿಂದಿನ ಗಾಜು, ಒಟ್ಟು ಮೂರು. ಒಂದೊಂದೂ ಅರ್ಧ ಬೆಳಕು ಬಿಟ್ಟಿತು ಅಂದುಕೊಳ್ಳಿ. ಅರ್ಧ, ಅದರಲ್ಲಿ ಅರ್ಧ, ಅದರಲ್ಲೂ ಅರ್ಧ. ಎಂಟರಲ್ಲಿ ಒಂದು ಪಾಲು ನಿಮ್ಮ ಕಣ್ಣಿಗೆ ಬರುತ್ತೆ. ಶೆಲ್‌ಗೆ ಕಪ್ಪು ಟಿಂಟ್ ಚೆನ್ನಾಗಿ ಕಾಣುತ್ತೆ, ಒಳಗಿನ ಸಾಮಾನೂ ಕಾಣಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಪಕ್ಕದ ಕಿಟಕಿಗೆ ಬೇಕಾದರೆ ಹಾಕಿಸಿ. ಹಿಂದುಮುಂದಿನ ಎರಡು ಗಾಜು ಆದಷ್ಟು ತಿಳಿಯಾಗಿರಲಿ.

ಆಮೇಲೆ ಆ ಮಧ್ಯದ ಸಂದು. ಕ್ಯಾಬಿಗೂ ಶೆಲ್‌ಗೂ ನಡುವೆ ಬೆರಳು ತೂರಿಸುವಷ್ಟೇ ಜಾಗ ಇರುತ್ತೆ. ಧೂಳು, ಇಬ್ಬನಿ, ಪೈನ್ ಮರದ ಎಲೆ ಎಲ್ಲ ಅಲ್ಲೇ ಸೇರೋದು. ಕೈ ಹೋಗಲ್ಲ. ನಾನು ಮೊದಲನೇ ಶೆಲ್‌ಗೆ ಮುಂದೆ ತೆರೆಯದ ಗಾಜು ಹಾಕಿಸಿ ಎರಡು ವರ್ಷ ಒದ್ದಾಡಿದೆ. ಒಂದು ಮರದ ಪಟ್ಟಿಗೆ ಹಳೇ ಬನಿಯನ್ ಸುತ್ತಿ ಮೇಲಿಂದ ತೂರಿಸಿ ಒರೆಸುತ್ತಿದ್ದೆ, ಆದರೂ ಮೂಲೆಯಲ್ಲಿ ಒಂದು ಕಂದು ಗೀಟು ಹಾಗೇ ಉಳಿಯುತ್ತಿತ್ತು. ಈಗಿನದಕ್ಕೆ ಒಳಗಡೆಗೆ ಮಡಚಿ ಬೀಳೋ ಗಾಜಿದೆ. ಬೆಡ್ ಒಳಗೆ ತೆವಳಿಕೊಂಡು ಹೋಗಿ ಚಿಲಕ ತೆಗೆದರೆ ಎರಡೂ ಗಾಜು ಕೈಗೆ ಸಿಗುತ್ತವೆ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತೆ, ಕೊಡಿ.

ನಿಜವಾಗಿ ಎಚ್ಚರ ಬೇಕಾದ್ದು ಬೇರೆ ಕಡೆ. ಬಲ ಭುಜದ ಮೇಲಿಂದ ತಿರುಗಿ ನೋಡ್ತೀವಲ್ಲ, ಬರೀ ಬೆಡ್ ಇದ್ದಾಗ ಅದರ ಮೇಲಿಂದ ರಸ್ತೆ ಕಾಣುತ್ತೆ. ಶೆಲ್ ಬಂದ ಮೇಲೆ ಅಲ್ಲಿ ಗೋಡೆ. ಓರೆಯಾಗಿ ಬಂದು ಸೇರೋ ರಸ್ತೆಗಳಲ್ಲಿ ಇದು ಗೊತ್ತಾಗುತ್ತೆ. ನಾನು ಅಂಥ ಕಡೆ ಗಾಡಿಯನ್ನು ಸ್ವಲ್ಪ ನೇರ ಮಾಡಿಕೊಂಡು ನಿಲ್ಲಿಸುತ್ತೇನೆ, ಮುಂದಕ್ಕೆ ಬಾಗಿ ಹೊರಗಿನ ಕನ್ನಡಿ ನೋಡುತ್ತೇನೆ. ಪಕ್ಕಕ್ಕೂ ಗಾಜಿರೋ ಶೆಲ್ ತಗೊಂಡರೆ ಸ್ವಲ್ಪ ಅನುಕೂಲ. ಒಳಗೆ ಸಾಮಾನನ್ನು ಕಿಟಕಿಯ ಕೆಳಗಿನ ಅಂಚಿನವರೆಗೆ ಮಾತ್ರ ತುಂಬಿ.

ಹಿಂದಿನ ಕ್ಯಾಮೆರಾ ಬಗ್ಗೆ ಚಿಂತೆ ಬೇಡ. ಅದು ಟೇಲ್‌ಗೇಟಿನಲ್ಲಿದೆ (ಬೆಡ್‌ನ ಹಿಂದೆ ಕೆಳಕ್ಕೆ ಇಳಿಯೋ ಬಾಗಿಲು), ಶೆಲ್ ಅದಕ್ಕಿಂತ ಮೇಲೆ. 2018ರ ಮೇ ತಿಂಗಳಿಂದ ಅಮೆರಿಕದಲ್ಲಿ ಮಾರೋಕೆ ತಯಾರಾಗೋ ಹೊಸ ಕಾರು, ಸಾಮಾನ್ಯ ಪಿಕಪ್ಪುಗಳಿಗೆಲ್ಲ ಅದು ಕಡ್ಡಾಯ, ಹಾಗಾಗಿ ನಿಮ್ಮದರಲ್ಲಿ ಇದ್ದೇ ಇರುತ್ತೆ.

ಇನ್ನು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ನೋಟಕ್ಕೆ ಅಡ್ಡ ಇದ್ದರೆ ಎಡಬಲ ಎರಡೂ ಕಡೆ ಕನ್ನಡಿ ಇರಲೇಬೇಕು, ಕನ್ನಡಿಯಲ್ಲಿ ಕಡೇ ಪಕ್ಷ 200 ಅಡಿ ಹಿಂದಿನ ರಸ್ತೆ ಕಾಣಬೇಕು. ಪಿಕಪ್ಪಿನಲ್ಲಿ ಇದು ಕಷ್ಟ ಅಲ್ಲ.


ಬೆಣ್ಣೆದೋಸೆ_ದಾವಣಗೆರೆ:

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಟ್ರೈಲರ್ ಇದೆ ಅಂದ ಮೇಲೆ ಶೆಲ್ ಯಾಕೆ? ಮಲಗೋಕೆ ಟ್ರೈಲರ್ ಇದೆ, ಸಾಮಾನು ಇಡೋಕೂ ಟ್ರೈಲರ್ ಇದೆ. ಬೆಡ್‌ಗೆ ಬೀಗ ಹಾಕೋ ಚಪ್ಪಟೆ ಕವರ್ ಸಿಗುತ್ತೆ, ತೂಕ ಕಡಿಮೆ, ಹಿಂದೆ ಪೂರ್ತಿ ಕಾಣುತ್ತೆ. ನಾನು ಶೆಲ್ ಹಾಕಿಸಿ ಒಂದೂವರೆ ವರ್ಷಕ್ಕೆ ಮಾರಿಬಿಟ್ಟೆ. ಒಂದು ಸೋಫಾ ಸಾಗಿಸಬೇಕು ಅಂದರೂ ಅದನ್ನು ಇಳಿಸೋಕೆ ನಾಲ್ಕು ಜನ ಬೇಕಾಗುತ್ತಿತ್ತು. ನಾಳೆ ದೊಡ್ಡ ಫಿಫ್ತ್ ವೀಲ್ ಟ್ರೈಲರ್ ತಗೋಬೇಕು ಅನ್ನಿಸಿದರೂ ಶೆಲ್ ಅಡ್ಡ, ಅದನ್ನು ಸಿಕ್ಕಿಸೋ ಹಿಚ್ (ಕೊಂಡಿ) ಕೂರೋದೇ ಬೆಡ್ ಒಳಗೆ.


ಧಾರವಾಡ_ಪೇಡೆ:

ದಾವಣಗೆರೆಯವರ ಮಾತಿನಲ್ಲೂ ಹುರುಳಿದೆ. ಆದರೆ ನಾಲ್ಕು ಸೈಕಲ್ ಚಪ್ಪಟೆ ಕವರ್ ಕೆಳಗೆ ಹಿಡಿಸಲ್ಲ.

ನಾನು ಕೊಲೊರಾಡೊದಲ್ಲಿ ಇರೋದು. ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದವರೆಗೆ, ಅಂದರೆ ಹನ್ನೊಂದು ಸಾವಿರ ಅಡಿ ಎತ್ತರಕ್ಕೆ, ಟ್ರೈಲರ್ ಎಳೆದುಕೊಂಡು ಹತ್ತಿ ಇಳಿದು ಅಭ್ಯಾಸ. ಎಲ್ಲರೂ ಕನ್ನಡಿ ಬಗ್ಗೆ ಮಾತಾಡ್ತಿದ್ದೀರಿ, ಯಾರೂ ತೂಕದ ಬಗ್ಗೆ ಕೇಳಲಿಲ್ಲ. ಫ್ರೀಮಾಂಟ್ ಸರ್, ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ನೋಡ್ರಿ. ಬಿಳಿ ಮೇಲೆ ಹಳದಿ ಪಟ್ಟಿ ಇರೋ ಸ್ಟಿಕ್ಕರ್ ಇರುತ್ತೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತೆ. ಆ ನಂಬರ್ ಎಷ್ಟು? ನಿಮ್ಮ ಮನೆಯವರೆಲ್ಲರ ತೂಕ ಎಷ್ಟು? ಶೆಲ್ ತೂಕ ಎಷ್ಟು ಅಂತ ಅಂಗಡಿಯವರು ಹೇಳಿದ್ದಾರಾ?

ಅದೇ ಎಫ್-150 ಆದರೂ ಒಂದೊಂದು ಟ್ರಕ್ಕಿಗೆ ಒಂದೊಂದು ನಂಬರ್. ಸನ್‌ರೂಫು, ಫೋರ್ ವೀಲ್ ಡ್ರೈವ್, ದೊಡ್ಡ ಗಾಲಿ ಇದ್ದಷ್ಟೂ ಕಡಿಮೆ ಆಗುತ್ತೆ. ಇಂಟರ್ನೆಟ್ಟಿನ ನಂಬರ್ ಬೇಡ, ನಿಮ್ಮ ಬಾಗಿಲಿನ ನಂಬರ್ ಹೇಳಿ.


ಹಾಸನ_ಟು_ಫ್ರೀಮಾಂಟ್:

ಅಕ್ಕ, ಈಗಷ್ಟೇ ಹೋಗಿ ಟಾರ್ಚ್ ಬಿಟ್ಟು ನೋಡಿಕೊಂಡು ಬಂದೆ. 1,540 ಪೌಂಡ್. ಇಷ್ಟು ದಿನ ದಿನಾ ಆ ಬಾಗಿಲು ತೆಗೆದು ಹತ್ತಿದರೂ ಓದೇ ಇರಲಿಲ್ಲ. ನಾವು ನಾಲ್ಕು ಜನ ಸೇರಿ 480. ಶೆಲ್ 190 ಅಂತ ಹೇಳಿದ್ದಾರೆ. ಆದರೆ ಈ ಟ್ರಕ್ 9,000 ಪೌಂಡಿಗಿಂತ ಜಾಸ್ತಿ ಎಳೆಯುತ್ತೆ ಅಂತ ಮಾರಿದವರು ಹೇಳಿದ್ದರು. ನನ್ನ ಟ್ರೈಲರ್ ಅದರ ಅರ್ಧ. ಅಷ್ಟಿದ್ದರೆ ಸಾಕಲ್ವಾ?


ಧಾರವಾಡ_ಪೇಡೆ:

ಅಲ್ಲೇ ಎಲ್ಲರೂ ಎಡವೋದು. ಎಳೆಯೋ ತಾಕತ್ತು ಬೇರೆ, ಹೊರೋ ತಾಕತ್ತು ಬೇರೆ. ಎತ್ತು ಎಷ್ಟು ಭಾರದ ಗಾಡಿ ಎಳೆಯುತ್ತೆ ಅನ್ನೋದಕ್ಕೂ ಅದರ ಬೆನ್ನ ಮೇಲೆ ಎಷ್ಟು ಮೂಟೆ ಹೇರಬಹುದು ಅನ್ನೋದಕ್ಕೂ ವ್ಯತ್ಯಾಸ ಇಲ್ವೇ? ಟ್ರೈಲರಿನ ಮೂತಿ ನಿಮ್ಮ ಹಿಚ್ ಮೇಲೆ ಕೂತು ಒತ್ತುತ್ತಲ್ಲ, ಆ ಟಂಗ್ ವೇಟ್ ನಿಮ್ಮ ಟ್ರಕ್ ಹೊರೋ ಲೆಕ್ಕಕ್ಕೆ ಸೇರುತ್ತೆ. ಟ್ರೈಲರಿನ ಒಟ್ಟು ತೂಕದಲ್ಲಿ ಅದು ನೂರಕ್ಕೆ 10ರಿಂದ 15 ಇರಬೇಕು. ಅದಕ್ಕಿಂತ ಕಮ್ಮಿ ಆದರೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ.

ಈಗ ಕಳೀತಾ ಹೋಗೋಣ. 1,540ರಲ್ಲಿ ನಿಮ್ಮ ಮನೆಯವರು 480, ಉಳಿದದ್ದು 1,060. ಶೆಲ್ 190, ಉಳಿದದ್ದು 870. 4,500ಕ್ಕೆ ನೂರಕ್ಕೆ 13 ಅಂತ ಇಟ್ಟರೆ ಟಂಗ್ 585, ಉಳಿದದ್ದು 285. ಭಾರ ಹಂಚೋ ಹಿಚ್ ಇದ್ದರೆ ಆ ಕಬ್ಬಿಣವೇ ಒಂದು 80 ಪೌಂಡ್ ಇರುತ್ತೆ. 205 ಉಳೀತು. ಐಸ್ ತುಂಬಿದ ಕೂಲರ್ 60, ಸಣ್ಣ ಜನರೇಟರ್ 50, ನಾಲ್ಕು ಸೈಕಲ್ 100 ಇಟ್ಕೊಳ್ಳಿ. 210 ಆಯಿತು. ಮುಗೀತು, ಐದು ಪೌಂಡ್ ಮೀರಿದ್ದೀರಿ. ಇನ್ನೂ ಸೌದೆ ಹಾಕಿಲ್ಲ, ನೀರಿನ ಕ್ಯಾನ್ ಇಟ್ಟಿಲ್ಲ.

ಹೆದರಿಸೋಕೆ ಹೇಳ್ತಿಲ್ಲ. ಶೆಲ್ ಬೇಡ ಅಂತಲೂ ಅಲ್ಲ. ಶೆಲ್ ಬಂದರೆ ಏನಾಗುತ್ತೆ ಅಂದರೆ, ಒಳಗೆ ಜಾಗ ಕಾಣುತ್ತೆ, ಜಾಗ ಕಂಡರೆ ನಾವು ತುಂಬುತ್ತೇವೆ. ನಮ್ಮ ಮನೆಯಲ್ಲಿ ಅದೇ ಆಗಿದ್ದು. ಮೊದಲ ಸಲ ಹೊರಟಾಗ ಟ್ರಕ್ಕಿನ ಹಿಂಭಾಗ ಕೂತುಬಿಟ್ಟಿತ್ತು, ಮುಂಭಾಗ ಎದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೀತಿತ್ತು. ಎದುರು ಬಂದವರೆಲ್ಲ ಲೈಟ್ ಮಿನುಗಿಸುತ್ತಿದ್ದರು, ಅರ್ಥವೇ ಆಗಿರಲಿಲ್ಲ. ಸ್ಟೇರಿಂಗ್ ಕೂಡ ಹಗುರ ಆಗಿತ್ತು.

ಸೈಕಲ್ ಟ್ರೈಲರ್ ಒಳಗೆ, ಗಾಲಿಯ ನೇರಕ್ಕೆ ನೆಲದ ಮೇಲೆ ಮಲಗಿಸಿ. ಅಲ್ಲಿಟ್ಟರೆ ಭಾರವೆಲ್ಲ ಟ್ರೈಲರಿನ ಗಾಲಿಗೇ ಹೋಗುತ್ತೆ. ಟ್ರೈಲರಿನ ಹಿಂದಿನ ಬಂಪರಿಗೆ ಮಾತ್ರ ಕಟ್ಟಬೇಡಿ, ಬಾಲದಲ್ಲಿ ಭಾರ ಆದಷ್ಟೂ ತೂಗಾಟ ಜಾಸ್ತಿ. ಒಂದು ಸಲ ಪೂರ್ತಿ ತುಂಬಿಸಿ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ, ಅಂದರೆ ಲಾರಿ ತೂಗೋ ಕಾಟಾಕ್ಕೆ, ಹೋಗಿ. ಟ್ರೈಲರ್ ಜೊತೆಗೆ ಒಮ್ಮೆ, ಬಿಚ್ಚಿಟ್ಟು ಒಮ್ಮೆ ತೂಗಿಸಿ. ಹಿಚ್ಚಿನ ಭಾರ ಹಂಚೋ ಸರಳು ಹಾಕದೆ ತೂಗಿಸಿದರೆ, ಟ್ರಕ್ಕಿನ ಎರಡು ಅಚ್ಚಿನ (ಆಕ್ಸಲ್) ತೂಕದ ಮೊತ್ತದಲ್ಲಿ ಬರೋ ವ್ಯತ್ಯಾಸವೇ ನಿಮ್ಮ ನಿಜವಾದ ಟಂಗ್ ವೇಟ್.


ಕುಂದಾಪ್ರ_ಮಾಣಿ:

ತೂಕದ ಲೆಕ್ಕ ಅಕ್ಕ ಹೇಳಿದರು, ನಾನು ರಿವರ್ಸ್ ಬಗ್ಗೆ ಹೇಳ್ತೇನೆ ಮಾರಾಯ್ರೆ.

ನಿಮ್ಮ ಟ್ರೈಲರ್ ಅಗಲ 8 ಅಡಿ ಅಂತ ಇಟ್ಟರೆ 96 ಇಂಚು. ಎಫ್-150ರ ಮೈ 80 ಇಂಚು. ಎರಡೂ ಬದಿ ಎಂಟೆಂಟು ಇಂಚು ಹೊರಗೆ. ಮಾಮೂಲಿ ಕನ್ನಡಿಯಲ್ಲಿ ಟ್ರೈಲರಿನ ಗೋಡೆ ಕಾಣುತ್ತೆ, ಅದರ ಹಿಂದಿನ ರಸ್ತೆ ಕಾಣಲ್ಲ. ಹಾಗಾಗಿ ಹೊರಕ್ಕೆ ಎಳೆಯೋ ಟೋಯಿಂಗ್ ಕನ್ನಡಿ ಹಾಕಿಸಿ. ಶೆಲ್ ಇರೋರಿಗೆ ಅದು ದಿನಾ ಉಪಯೋಗಕ್ಕೆ ಬರುತ್ತೆ. ಮೇಲಿನ ಸಪಾಟು ಗಾಜಿನಲ್ಲಿ ಟ್ರೈಲರಿನ ಬಾಲ ಮತ್ತು ಅದರ ಹಿಂದಿನ ರಸ್ತೆ, ಕೆಳಗಿನ ಉಬ್ಬು ಗಾಜಿನಲ್ಲಿ ಟ್ರೈಲರಿನ ಗಾಲಿ, ಹೀಗೆ ಹೊಂದಿಸಿಕೊಳ್ಳಿ. ಗಾಲಿ ಕಂಡರೆ ಅರ್ಧ ಕೆಲಸ ಆಯ್ತು. ತಿರುವಿನಲ್ಲಿ ಫುಟ್‌ಪಾತ್ ಹತ್ತೋದು ಅದೇ.

ಊರಲ್ಲಿ ಟ್ರ್ಯಾಕ್ಟರ್ ಟ್ರೈಲರ್ ರಿವರ್ಸ್ ಹಾಕೋದು ನೋಡಿರ್ತೀರಲ್ಲ? ಇಲ್ಲೂ ಅದೇ ವಿದ್ಯೆ. ಟ್ರೈಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ತಲೆ ಕೆಡಿಸಿಕೊಳ್ಳದೆ ಕೈಯನ್ನು ಸ್ಟೇರಿಂಗಿನ ಕೆಳಭಾಗದಲ್ಲಿ, ಆರು ಗಂಟೆ ಮುಳ್ಳಿನ ಜಾಗದಲ್ಲಿ ಹಿಡೀರಿ. ಕೈ ಯಾವ ಕಡೆ ಸರಿಯುತ್ತೋ ಟ್ರೈಲರ್ ಬಾಲ ಆ ಕಡೆ. ಸಣ್ಣ ಸಣ್ಣಗೆ ತಿರುಗಿಸಿ. ವಾರೆ ಆಯ್ತು ಅನ್ನಿಸಿದರೆ ಮುಂದಕ್ಕೆ ಬಂದು ನೇರ ಮಾಡಿಕೊಳ್ಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ನಿಮ್ಮ ಡ್ಯಾಶಿನಲ್ಲಿ ಟ್ರೈಲರ್ ರಿವರ್ಸಿಗೆ ಅಂತ ತಿರುಗಿಸೋ ಗುಂಡಗಿನ ಗುಂಡಿ ಇದ್ದರೆ ಅದನ್ನೂ ಕಲಿತುಕೊಳ್ಳಿ. ಅದು ಟೇಲ್‌ಗೇಟ್ ಕ್ಯಾಮೆರಾದಿಂದ ಟ್ರೈಲರಿನ ಮೂತಿ ಮೇಲಿನ ಸ್ಟಿಕ್ಕರ್ ನೋಡಿ ಕೆಲಸ ಮಾಡೋದು, ಶೆಲ್ ಅಡ್ಡ ಬರಲ್ಲ.

ಒಬ್ಬರು ಕೆಳಗೆ ನಿಂತು ಹೇಳಲೇಬೇಕು. ನಾವು ಗಂಡ ಹೆಂಡತಿ ಬಸ್ ಕಂಡಕ್ಟರ್ ಭಾಷೆ ಇಟ್ಟುಕೊಂಡಿದ್ದೇವೆ. "ಬರ್ಲಿ ಬರ್ಲಿ" ಅಂದರೆ ಬರಬಹುದು, "ಹೋಲ್ಡಾನ್" ಅಂದರೆ ಅಲ್ಲೇ ಬ್ರೇಕ್. "ಸ್ವಲ್ಪ ಆಕಡೆ" ಅನ್ನೋ ಮಾತು ನಿಷೇಧ, ಯಾರ ಆಕಡೆ ಅಂತ ಗೊತ್ತಾಗಲ್ಲ. ಡ್ರೈವರ್ ಕಡೆ, ಆಚೆ ಬಾಗಿಲ ಕಡೆ ಅಂತ ಹೇಳಬೇಕು. ನಿಂತವರು ಕನ್ನಡಿಯಲ್ಲಿ ಕಾಣಿಸುತ್ತಿರಬೇಕು. ಕಾಣಿಸಲಿಲ್ಲ ಅಂದರೆ ಗಾಡಿ ನಿಲ್ಲಿಸಿ ಇಳಿದು ನೋಡಬೇಕು, ಇದರಲ್ಲಿ ರಾಜಿ ಇಲ್ಲ.

ಮತ್ತೊಂದು ಯಾರೂ ಹೇಳದ್ದು. ಟ್ರೈಲರ್ ಸಿಕ್ಕಿಸಿದ ಮೇಲೆ ಟೇಲ್‌ಗೇಟ್ ಪೂರ್ತಿ ಕೆಳಗೆ ಇಳೀತದಾ ಅಂತ ಈಗಲೇ ನೋಡಿಕೊಳ್ಳಿ. ನನ್ನದರಲ್ಲಿ ಟ್ರೈಲರಿನ ಮೂತಿ ಮೇಲೆ ನಿಂತಿರೋ ಜ್ಯಾಕಿನ ತಲೆ ಟೇಲ್‌ಗೇಟಿಗೆ ನೇರವಾಗಿ ತಾಗುತ್ತಿತ್ತು. ಕತ್ತಲಲ್ಲಿ ಗೊತ್ತಾಗದೆ ಬಿಟ್ಟೆ, ಬಣ್ಣ ಹಾರಿ ಒಂದು ರೂಪಾಯಿ ನಾಣ್ಯದಷ್ಟು ತಗ್ಗಾಯಿತು. ಬರೀ ಬೆಡ್ ಇದ್ದರೆ ಬದಿಯಿಂದ ಕೈ ಹಾಕಿ ಸಾಮಾನು ತೆಗೀಬಹುದು, ಶೆಲ್ ಇದ್ದರೆ ಆಗಲ್ಲ. ಮೇಲಿನ ಗಾಜಿನ ಬಾಗಿಲು ಎತ್ತಿ ಬಗ್ಗಿ ತೆಗೀಬೇಕು. ಅದಕ್ಕೆ ಪಕ್ಕದಲ್ಲೂ ತೆರೆಯೋ ಬಾಗಿಲಿರೋ ಶೆಲ್ ತಗೊಳ್ಳಿ.


ಸ್ಯಾಕ್ರಮೆಂಟೊ_ಕನ್ನಡಿಗ:

ಜ್ಯಾಕಿನ ವಿಷಯ ನೂರಕ್ಕೆ ನೂರು ನಿಜ. ಗಾಳಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 395ರಲ್ಲಿ ಪಕ್ಕದಿಂದ ಹೊಡೆಯೋ ಗಾಳಿ ನಿಮಗೇ ಗೊತ್ತಿರುತ್ತೆ. ಹತ್ತಿರದಲ್ಲಿ ಆಲ್ಟಮಾಂಟ್ ಕಡೆ, ಗಾಳಿಯಂತ್ರ ಸಾಲಾಗಿ ನಿಂತಿರೋ ಜಾಗ, ಅಲ್ಲೂ ಹಾಗೇ. ಗಾಳಿಗೆ ಸಿಗೋದು ಶೆಲ್‌ಗಿಂತ ಟ್ರೈಲರಿನ ದೊಡ್ಡ ಗೋಡೆ. ಟ್ರೈಲರ್ ಎಳೆಯುವಾಗ ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ ವೇಗ ಹೇಗೂ 55 ಮೈಲಿ, ಗಾಳಿ ಇದ್ದರೆ ಇನ್ನೂ ಇಳಿಸಿ. ತೂಗಾಟ ಶುರುವಾದರೆ ಟ್ರಕ್ಕಿನ ಬ್ರೇಕ್ ತುಳಿಯಬೇಡಿ. ಆಕ್ಸಿಲೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ನೇರ ಹಿಡಿದು, ಬ್ರೇಕ್ ಕಂಟ್ರೋಲರಿನಲ್ಲಿ ಟ್ರೈಲರಿನ ಬ್ರೇಕ್ ಮಾತ್ರ ಕೈಯಲ್ಲಿ ಮೆಲ್ಲಗೆ ಒತ್ತಿ. ಆ ಗುಂಡಿ ಎಲ್ಲಿದೆ ಅಂತ ನೋಡದೆ ಕೈಗೆ ಸಿಗೋ ಹಾಗೆ ಮನೆ ಮುಂದೆ ನಿಂತಾಗಲೇ ಹತ್ತು ಸಲ ಅಭ್ಯಾಸ ಮಾಡಿ.


ಹಾಸನ_ಟು_ಫ್ರೀಮಾಂಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೀತಿದ್ದೇನೆ.

ಶನಿವಾರ ತೂಗಿಸಿಕೊಂಡು ಬಂದೆ. ಅಕ್ಕ ಅಂದಾಜು ಮಾಡಿದ್ದು 585, ಸ್ಕೇಲಿನಲ್ಲಿ ಬಂದದ್ದು 640. ಮೂತಿ ಮೇಲೆ ಎರಡು ಪ್ರೊಪೇನ್ ಸಿಲಿಂಡರ್, ಬ್ಯಾಟರಿ, ಜೊತೆಗೆ ಮುಂದಿನ ಡಿಕ್ಕಿಯಲ್ಲಿ ನಾನೇ ತುಂಬಿಟ್ಟ ಟೂಲ್ ಬಾಕ್ಸು. ತೂಕದ ಚೀಟಿ ಫ್ರಿಜ್ ಮೇಲೆ ಅಂಟಿಸಿದ್ದೇನೆ. ಟೂಲ್ ಬಾಕ್ಸನ್ನು ಟ್ರೈಲರಿನ ನಡುವಿಗೆ ಸರಿಸಿದೆ, ಸೈಕಲ್ಲೂ ಅಲ್ಲೇ. ಟ್ರಕ್ಕಿನಲ್ಲಿ ಇನ್ನು ಕೂಲರ್ ಮತ್ತು ಜನರೇಟರ್ ಮಾತ್ರ. 640 ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿದರೂ ಶೆಲ್ ಸೇರಿ 40 ಪೌಂಡ್ ಮಿಗುತ್ತೆ. ಟ್ರೈಲರ್ ಇಲ್ಲದ ದಿನ ಸೈಕಲ್ ಶೆಲ್ ಒಳಗೆ, ಇರೋ ದಿನ ಟ್ರೈಲರ್ ಒಳಗೆ ಅಂತ ಮನೆಯಲ್ಲಿ ತೀರ್ಮಾನ ಆಯ್ತು.

ಶೆಲ್ ಆರ್ಡರ್ ಮಾಡಿದೆ. ಮುಂದಿನ ಗಾಜು ಮಡಚೋದು, ಹಿಂದುಮುಂದೆ ಟಿಂಟ್ ಇಲ್ಲ, ಪಕ್ಕದಲ್ಲಿ ತೆರೆಯೋ ಬಾಗಿಲು. ಟೋಯಿಂಗ್ ಕನ್ನಡಿ ಬಂದು ಹಾಕಿಯಾಯ್ತು. ನಿನ್ನೆ ಸಂಜೆ ಖಾಲಿ ಪಾರ್ಕಿಂಗಿನಲ್ಲಿ ಒಂದು ಗಂಟೆ ರಿವರ್ಸ್ ಅಭ್ಯಾಸ ಮಾಡಿದೆವು. ಹೆಂಡತಿ ಕೆಳಗೆ ನಿಂತು "ಹೋಲ್ಡಾನ್" ಅಂತ ಕೂಗಿದರೆ ಕಿಟಕಿ ಮುಚ್ಚಿದ್ದರೂ ಕೇಳುತ್ತೆ. ಮೂರನೇ ಸಲಕ್ಕೆ ಎರಡು ಗೆರೆಗಳ ನಡುವೆ ನೇರ ಕೂತಿತು. ಅವಳೇ ಕನ್ನಡಿ ಮುಂದೆ ಬಂದು ಕೂತು ನೋಡಿ, ಸರಿ ಹಾಕಿಸಿ ಅಂದಳು.

ಒಂದೇ ಪ್ರಶ್ನೆ ಉಳಿದಿದೆ. ಕ್ಯಾಬಿನ ಮೇಲಿರೋ ಮೂರನೇ ಬ್ರೇಕ್ ಲೈಟನ್ನು ಶೆಲ್ ಮುಚ್ಚಿಬಿಡುತ್ತಲ್ಲ, ಶೆಲ್ಲಿನ ಹಿಂದೆ ಇರೋ ಲೈಟಿಗೆ ವೈರ್ ಎಲ್ಲಿಂದ ತೆಗೀಬೇಕು? ಟ್ರೈಲರ್ ಪ್ಲಗ್ಗಿನ ವೈರ್ ಹತ್ತಿರದಲ್ಲೇ ಇದೆ, ಅದರಿಂದ ಎಳೆದರೆ ಸಾಕು ಅಂತ ಒಬ್ಬರು ಅಂದರು.


ಕುಂದಾಪ್ರ_ಮಾಣಿ:

ಬೇಡ ಬೇಡ. ಟ್ರೈಲರ್ ಪ್ಲಗ್ಗಿನಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ವೈರ್, ಎಡಕ್ಕೆ ಹಳದಿ, ಬಲಕ್ಕೆ ಹಸಿರು. ಅಲ್ಲಿಂದ ಎಳೆದರೆ ನೀವು ಇಂಡಿಕೇಟರ್ ಹಾಕಿದಾಗಲೆಲ್ಲ ಮೂರನೇ ಬ್ರೇಕ್ ಲೈಟ್ ಕೂಡ ಮಿನುಗುತ್ತೆ, ಹಿಂದಿನವರಿಗೆ ಬ್ರೇಕೋ ತಿರುವೋ ಗೊತ್ತಾಗಲ್ಲ. ಕ್ಯಾಬಿನ ಮೇಲಿನ ಬ್ರೇಕ್ ಲೈಟನ್ನೇ ಬಿಚ್ಚಿ, ಅದರ ಬ್ರೇಕ್ ವೈರಿಗೆ ಸೇರಿಸಲು ಹೇಳಿ. ಹಾಕಿಸಿದ ಮೇಲೆ ಅಂಗಡಿಯಿಂದ ಹೊರಡೋ ಮುಂಚೆ ಮನೆಯವರನ್ನು ಹಿಂದೆ ನಿಲ್ಲಿಸಿ, ಬ್ರೇಕ್ ತುಳಿದುಕೊಂಡೇ ಎರಡೂ ಕಡೆ ಇಂಡಿಕೇಟರ್ ಹಾಕಿ ನೋಡಿ. ಆ ಲೈಟ್ ಮಿಸುಕದೆ ಉರೀತಿರಬೇಕು.